ಚಿಂಚೋಳಿ ಕಡೆ ಅರ್ಧ ರೆಕ್ಕೆ ತೆರೆದು ಕೂರುವ ಸೂಜಿ ಹುಳ: ಯಾರಾದರೂ ನೋಡಿದ್ದೀರಾ?

ಕರಡದ ಹಾದಿ
ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವನು. ರಜೆ ಸಿಕ್ಕಾಗಲೆಲ್ಲ ಚಿಂಚೋಳಿ ಕಡೆ ಹುಳ ನೋಡಲು ಹೋಗುತ್ತೇನೆ. ಎರಡು ವರ್ಷದಿಂದ ಒಂದೇ ಹುಳದ ಹಿಂದೆ ಬಿದ್ದಿದ್ದೇನೆ, ಇನ್ನೂ ಸಿಕ್ಕಿಲ್ಲ.

ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಕುಂಚಾವರಂ ರಸ್ತೆ ಬಿಟ್ಟು ಒಂದು ಗುಡ್ಡದ ಓರೆಯಲ್ಲಿ ನೀರು ಕುಡಿಯಲು ಕೂತಿದ್ದೆ. ಎದುರಿಗೆ ಮೊಣಕಾಲೆತ್ತರ ಒಣ ಕರಡ ಹುಲ್ಲು. ಅದರಲ್ಲಿ ಒಂದು ಕಡ್ಡಿ ಅಲುಗಿತು. ಗಾಳಿ ಇರಲಿಲ್ಲ. ಬಗ್ಗಿ ನೋಡಿದರೆ ಒಂದು ಡ್ಯಾಮ್ಸೆಲ್‌ಫ್ಲೈ, ಅಂದರೆ ಸೂಜಿ ಹುಳ. ಮೈಯೆಲ್ಲ ಒಣಹುಲ್ಲಿನ ಬಣ್ಣ. ರೆಕ್ಕೆ ಪೂರ್ತಿ ಮುಚ್ಚಿರಲಿಲ್ಲ, ಪೂರ್ತಿ ಬಿಚ್ಚಿಯೂ ಇರಲಿಲ್ಲ. ಎದೆಯ ಮೇಲೆ ಹಸಿರು ಗೆರೆ ಮಿಂಚಿದ ಹಾಗಾಯಿತು. ಫೋನ್ ತೆಗೆಯುವಷ್ಟರಲ್ಲಿ ಎದ್ದು ಹೋಯಿತು. ಸಿಕ್ಕಿದ್ದು ಒಂದೇ ಫೋಟೋ, ಅದೂ ಮಸುಕು.

ಅದು ಎಮರಾಲ್ಡ್ ಸ್ಟ್ರೈಪ್ಡ್ ಸ್ಪ್ರೆಡ್‌ವಿಂಗ್ ಇರಬೇಕು ಎಂದು ನನ್ನ ಅಂದಾಜು. ವೈಜ್ಞಾನಿಕ ಹೆಸರು ಲೆಸ್ಟಿಸ್ ವಿರಿಡ್ಯುಲಸ್. ನಮ್ಮ ಮೂರು ಜಿಲ್ಲೆಯ ಗೆಳೆಯರಲ್ಲಿ ಯಾರ ಹತ್ತಿರವೂ ಇದರ ಫೋಟೋ ಇಲ್ಲ. ಆಮೇಲೆ ಎರಡು ಮಳೆಗಾಲ ಚಂದ್ರಂಪಳ್ಳಿ ಡ್ಯಾಮಿನ ಅಂಚು, ಮುಲ್ಲಾಮಾರಿ ದಂಡೆ, ಬೆಣ್ಣೆತೊರೆ ಹಿನ್ನೀರು ಎಲ್ಲ ಸುತ್ತಿದೆ. ಬೇರೆ ಹುಳ ರಾಶಿ ಸಿಕ್ಕವು, ಇದೊಂದು ಸಿಗಲಿಲ್ಲ. ಎಲ್ಲಿ ಹುಡುಕಬೇಕು? ಯಾವಾಗ?

ತೊಗರಿ ಹೊಲ
ನಮ್ಮೂರಲ್ಲಿ ಇದಕ್ಕೆ ವಿಮಾನ ಹುಳ ಅನ್ನುತ್ತೇವೆ. ಚಿಕ್ಕವರಿದ್ದಾಗ ಬಾಲಕ್ಕೆ ದಾರ ಕಟ್ಟಿ ಹಾರಿಸುತ್ತಿದ್ದೆವು. ಹೊಲದ ತುಂಬ ಇರುತ್ತವೆ ಬಿಡಿ, ಅಪರೂಪ ಏನು ಬಂತು?

ಸೇಡಂ ಹುಡುಗಿ
ನೀವು ದಾರ ಕಟ್ಟಿದ್ದು ಡ್ರಾಗನ್‌ಫ್ಲೈಗೆ ಅಣ್ಣ. ಅದು ದಪ್ಪ. ಕೂತಾಗ ರೆಕ್ಕೆ ಅಗಲ ಚಾಚಿರುತ್ತದೆ, ಕಣ್ಣು ಸಾಮಾನ್ಯವಾಗಿ ಒಂದಕ್ಕೊಂದು ಹತ್ತಿರ. ಇದು ಡ್ಯಾಮ್ಸೆಲ್‌ಫ್ಲೈ. ಕಡ್ಡಿಯಂತೆ ತೆಳು. ಕಣ್ಣು ತಲೆಯ ಎರಡು ಕೊನೆಗೆ ದೂರ ದೂರ, ತಕ್ಕಡಿಯ ಎರಡು ತಟ್ಟೆ ಇದ್ದ ಹಾಗೆ. ಕೂತಾಗ ರೆಕ್ಕೆ ಬೆನ್ನ ಮೇಲೆ ಮಡಚಿಕೊಳ್ಳುತ್ತದೆ. ಅದರಲ್ಲೂ ಈ ಸ್ಪ್ರೆಡ್‌ವಿಂಗ್ ಗುಂಪು ಬೇರೆ, ರೆಕ್ಕೆಯನ್ನು ಅರ್ಧಕ್ಕೆ ಬಿಟ್ಟುಕೊಂಡು ಕೂರುತ್ತದೆ. ನಮ್ಮ ಅಜ್ಜಿ ಸಣ್ಣದಕ್ಕೆ ಸೂಜಿ ಹುಳ ಅನ್ನುತ್ತಿದ್ದರು.

ತೊಗರಿ ಹೊಲ
ಹೌದಾ. ಎರಡೂ ಒಂದೇ ಅಂದುಕೊಂಡಿದ್ದೆ. ಸಣ್ಣದು ನಮ್ಮ ಬಾವಿ ಹತ್ತಿರ ಇರುತ್ತದೆ, ಹಳದಿ ಬಣ್ಣದ್ದು.

ಸುರಂಗ ಬಾವಿ
ಹಳದಿ ಅಂದರೆ ಕೋರಮಂಡಲ್ ಮಾರ್ಶ್ ಡಾರ್ಟ್ ಇರಬಹುದು. ಬೀದರ್ ನೌಬಾದಿನ ಸುರಂಗ ಬಾವಿಯ ನೀರು ಹೊರಬರುವ ಕಡೆ ನಾನು ಮೂರು ಭಾನುವಾರ ಕೂತಿದ್ದೆ. ಬಹಮನಿ ಕಾಲದಲ್ಲಿ ಜಂಬಿಟ್ಟಿಗೆ ಕಲ್ಲು ಕೊರೆದು ನೀರು ಹರಿಸಿದ್ದಾರೆ, ಇನ್ನೂ ತಣ್ಣಗಿದೆ. ಅಲ್ಲಿ ಸಿಕ್ಕಿದ್ದು ಬರೀ ಈ ಹಳದಿ ಮಾರ್ಶ್ ಡಾರ್ಟ್ ಮತ್ತು ಬಾಲದ ತುದಿ ನೀಲಿ ಇರುವ ಇಷ್ನುರಾ ಎಂಬ ಸೂಜಿ ಹುಳ. ಅರ್ಧ ರೆಕ್ಕೆಯದು ಒಂದೂ ಇಲ್ಲ.

ಲೆನ್ಸ್ ಹುಚ್ಚ
ಫೋಟೋ ನೋಡಿದೆ. ಬೇಜಾರು ಮಾಡಿಕೊಳ್ಳಬೇಡಿ, ಅದು ಡ್ಯಾಮ್ಸೆಲ್‌ಫ್ಲೈ ಹೌದೋ ಅಲ್ಲವೋ ಅನ್ನುವುದೇ ನನಗೆ ಅನುಮಾನ. ಬೇಸಿಗೆಯಲ್ಲಿ, ನೀರಿಲ್ಲದ ಗುಡ್ಡದಲ್ಲಿ, ಒಣಹುಲ್ಲಿನ ಬಣ್ಣ. ಮರಳಲ್ಲಿ ಲಾಳಿಕೆಯಂತೆ ಗುಂಡಿ ತೋಡಿ ಇರುವೆ ಹಿಡಿಯುವ ಹುಳ ಇದೆಯಲ್ಲ, ಅದು ದೊಡ್ಡದಾದ ಮೇಲೆ ರೆಕ್ಕೆ ಬಂದು ಥೇಟ್ ಹೀಗೇ ಕಾಣುತ್ತದೆ. ಎಷ್ಟೋ ಜನ ಮೋಸ ಹೋಗಿದ್ದಾರೆ.

ಕರಡದ ಹಾದಿ
ಆ ಅನುಮಾನ ನನಗೂ ಬಂದಿತ್ತು. ಆದರೆ ಮೀಸೆ ನೋಡಿ. ಇರುವೆ ಸಿಂಹದ ರೆಕ್ಕೆ ಹುಳಕ್ಕೆ ಉದ್ದ ಮೀಸೆ ಇರುತ್ತದೆ, ತುದಿ ಗದೆಯಂತೆ ದಪ್ಪ. ನನ್ನ ಫೋಟೋ ಎಷ್ಟೇ ಮಸುಕಾದರೂ ತಲೆಯ ಮುಂದೆ ಅಂಥದ್ದೇನೂ ಇಲ್ಲ. ಮತ್ತೆ ಅದು ರೆಕ್ಕೆಯನ್ನು ಮನೆಯ ಮಾಡಿನಂತೆ ಮೈಮೇಲೆ ಇಳಿಬಿಟ್ಟು ಕೂರುತ್ತದೆ. ಇದು ಹಾಗೆ ಕೂತಿರಲಿಲ್ಲ.

ಲೆನ್ಸ್ ಹುಚ್ಚ
ಸರಿ, ದೊಡ್ಡದು ಮಾಡಿ ನೋಡಿದೆ. ಮೀಸೆ ಇಲ್ಲ. ಒಪ್ಪಿದೆ.

ಹಳ್ಳದ ಮೇಷ್ಟ್ರು
ನೀವು ಹುಡುಕಿದ ಕಾಲ, ಜಾಗ ಎರಡೂ ತಪ್ಪು. ಮೊದಲ ಸಲ ನೋಡಿದ್ದು ಏಪ್ರಿಲ್‌ನಲ್ಲಿ, ಒಣಹುಲ್ಲಿನಲ್ಲಿ. ಆಮೇಲೆ ಎರಡು ವರ್ಷ ದೊಡ್ಡ ನೀರಿನ ದಂಡೆಯಲ್ಲೇ ಹುಡುಕಿದಿರಿ. ಅದನ್ನು ಕಂಡ ಜಾಗಕ್ಕೇ ಬೇಸಿಗೆಯಲ್ಲಿ ಯಾಕೆ ವಾಪಸ್ ಹೋಗಲಿಲ್ಲ?

ಡ್ಯಾಮ್ಸೆಲ್‌ಫ್ಲೈ ಅಂದರೆ ಎಲ್ಲರಿಗೂ ನೀರು ನೆನಪಾಗುತ್ತದೆ. ನಿಜ, ಮರಿ ನೀರಲ್ಲೇ ಬೆಳೆಯುತ್ತದೆ. ಬಾಲದಲ್ಲಿ ಮೂರು ಎಲೆಯಂಥ ಕಿವಿರು ಇಟ್ಟುಕೊಂಡು ಸೊಳ್ಳೆ ಮರಿ ತಿನ್ನುತ್ತಾ ಇರುತ್ತದೆ. ಆದರೆ ಬಿಸಿಲು ಸೀಮೆಯ ಲೆಸ್ಟಿಸ್‌ಗಳಲ್ಲಿ, ಅಂದರೆ ಈ ಸ್ಪ್ರೆಡ್‌ವಿಂಗ್ ಗುಂಪಿನಲ್ಲಿ, ಕೆಲವು ಬೇರೆ ದಾರಿ ಹಿಡಿದಿವೆ. ನಮ್ಮ ಹೊಂಡ ಕಟ್ಟೆ ಎಲ್ಲ ಬೇಸಿಗೆಗೆ ಬತ್ತುತ್ತವೆ. ನೀರಲ್ಲೇ ಉಳಿದರೆ ಸಾವು. ಅದಕ್ಕೆ ಮಳೆಗಾಲದಲ್ಲಿ ಬೇಗ ಬೇಗ ಬೆಳೆದು, ರೆಕ್ಕೆ ಬಂದ ಮೇಲೆ ನೀರು ಬಿಟ್ಟು ಹುಲ್ಲು ಪೊದೆ ಸೇರುತ್ತವೆ. ಚಳಿಗಾಲ, ಬೇಸಿಗೆ ಎರಡನ್ನೂ ಅಲ್ಲೇ ಕಳೆಯುತ್ತವೆ. ಆ ದಿನಗಳಲ್ಲಿ ಜೊತೆಯಾಗುವುದಿಲ್ಲ, ಮೊಟ್ಟೆ ಇಡುವುದಿಲ್ಲ. ಸಣ್ಣ ನೊಣ ಸೊಳ್ಳೆ ಹಿಡಿದು ತಿಂದು ಸುಮ್ನೆ ಕೂತಿರುತ್ತವೆ. ಮೈಬಣ್ಣವೂ ಒಣಹುಲ್ಲಿನದೇ. ಮುಂದಿನ ಮಳೆ ಬಿದ್ದು ಹೊಂಡ ತುಂಬಿದಾಗ ಬಣ್ಣ ಏರುತ್ತದೆ, ಆಗ ನೀರಿಗೆ ವಾಪಸ್ ಬರುತ್ತವೆ.

ಅಂದರೆ ನೀರಿನ ಹತ್ತಿರ ಇವು ಸಿಗುವ ದಿನಗಳು ಸ್ವಲ್ಪ. ಅದೂ ಡ್ಯಾಮಿನಲ್ಲಿ ಅಲ್ಲ. ಮೀನಿಲ್ಲದ, ಹುಲ್ಲು ತುಂಬಿದ, ಆರು ತಿಂಗಳಿಗೆ ಒಣಗುವ ಸಣ್ಣ ಹೊಂಡದಲ್ಲಿ.

ಸೇಡಂ ಹುಡುಗಿ
ಮೇಷ್ಟ್ರೇ, ಇದು ಗೊತ್ತೇ ಇರಲಿಲ್ಲ. ಇಷ್ಟು ಸಣ್ಣ ಹುಳ ನಮ್ಮ ಮೇ ತಿಂಗಳ ಬಿಸಿಲಲ್ಲಿ ಬದುಕುತ್ತದಾ? 43 ಡಿಗ್ರಿಯಲ್ಲಿ ನಾವೇ ಮನೆಯಿಂದ ಹೊರಗೆ ಬರುವುದಿಲ್ಲ.

ಹಳ್ಳದ ಮೇಷ್ಟ್ರು
ನೆರಳು ಹುಡುಕುತ್ತದೆ. ಕಾರೆ, ತಂಗಡಿ, ಬಂದರಿಕೆ ಪೊದೆಯ ಬುಡ, ಲಂಟಾನದ ಒಳಗೆ. ಬೆಳಿಗ್ಗೆ ಒಂದೆರಡು ತಾಸು ಹೊರಗೆ ಕಡ್ಡಿಗೆ ಬಂದು ಕೂರುತ್ತದೆ. ನೀವು ಹುಡುಕಬೇಕಾದ್ದು ಆಗಲೇ, ಆರರಿಂದ ಒಂಬತ್ತರೊಳಗೆ.

ಮಿರಗದ ಮಳೆ
ವಿಮಾನ ಹುಳ ಗುಂಪಾಗಿ ಕೆಳಗೆ ಹಾರಿದರೆ ಮಳೆ ಬರುತ್ತದೆ ಅಂತ ನಮ್ಮಪ್ಪ ಹೇಳುತ್ತಿದ್ದರು. ಅದೂ ಇದೇ ಜಾತಿನಾ?

ಸುರಂಗ ಬಾವಿ
ಅದು ಬೇರೆ. ಹೊಲದ ಮೇಲೆ ನೂರಾರು ಒಟ್ಟಿಗೆ ತೇಲುವುದು ಹೆಚ್ಚಾಗಿ ಪ್ಯಾಂಟಾಲಾ ಫ್ಲಾವೆಸೆನ್ಸ್ ಅನ್ನುವ ಡ್ರಾಗನ್‌ಫ್ಲೈ. ಅದು ಗಾಳಿ ಹಿಡಿದು ನಮ್ಮ ದೇಶದಿಂದ ಮಾಲ್ಡೀವ್ಸ್ ಮೇಲೆ ಹಾದು ಆಫ್ರಿಕಾದ ಪೂರ್ವ ಕರಾವಳಿಗೆ ಹೋಗುತ್ತದೆ ಎಂದು 2009ರಲ್ಲಿ ಚಾರ್ಲ್ಸ್ ಆಂಡರ್ಸನ್ ಬರೆದರು. ಸಮುದ್ರ ದಾಟುವ ಹುಳ ನಮ್ಮ ಕಡಲೆ ಹೊಲದಲ್ಲಿ!

ಮಿರಗದ ಮಳೆ
ಆಫ್ರಿಕಾ!! ಇದನ್ನು ಅಪ್ಪನಿಗೆ ಹೇಳಲೇಬೇಕು.

ಬೋನಾಳ ದಂಡೆ
ವಿಷಯಕ್ಕೆ ಬರೋಣ. ನಾನು ಸುರಪುರದವನು, ಬೋನಾಳ ಕೆರೆಗೆ ಹಕ್ಕಿ ನೋಡಲು ಹೋಗುತ್ತೇನೆ. ಕೆರೆ ದಂಡೆಯಲ್ಲಿ ಸ್ಪ್ರೆಡ್‌ವಿಂಗ್ ನಾನೂ ಕಂಡಿಲ್ಲ. ಆದರೆ ಹಿಂದಿನ ಡಿಸೆಂಬರ್‌ನಲ್ಲಿ ಕೆರೆಯಿಂದ ಸಾಕಷ್ಟು ದೂರ, ಜಾಲಿ ಗಿಡದ ಕೆಳಗಿನ ಹುಲ್ಲಲ್ಲಿ ಕಂದು ಬಣ್ಣದ್ದು ಎರಡು ನೋಡಿದ್ದೆ. ಅರ್ಧ ರೆಕ್ಕೆ. ಹಸಿರು ಗೆರೆ ಇರಲಿಲ್ಲ. ಬ್ರೌನ್ ಸ್ಪ್ರೆಡ್‌ವಿಂಗ್ ಎಂದು ಬರೆದುಕೊಂಡೆ, ಲೆಸ್ಟಿಸ್ ಅಂಬ್ರಿನಸ್. ಕರಡದ ಹಾದಿ ಅವರೇ, ನಿಮ್ಮದೂ ಅದೇ ಯಾಕಾಗಬಾರದು? ಬಿಸಿಲಿನ ಹೊಳಪಿಗೆ ಹಸಿರು ಕಂಡಿರಬಹುದು.

ಕರಡದ ಹಾದಿ
ಆಗಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಆ ಗೆರೆ ಮಿಂಚಿದ್ದು ನೋಡಿದ್ದೇನೆ. ಲೋಹದ ಹೊಳಪು, ಜೀರುಂಡೆ ಬೆನ್ನಿನಂತೆ.

ಹಳ್ಳದ ಮೇಷ್ಟ್ರು
ಗೆರೆ ಒಳ್ಳೆ ಗುರುತು. ಆದರೆ ಅದೊಂದನ್ನೇ ನಂಬಬೇಡಿ. ಬಣ್ಣ ವಯಸ್ಸಿನ ಜೊತೆ ಬದಲಾಗುತ್ತದೆ. ಲೆಸ್ಟಿಸ್‌ನಲ್ಲಿ ಜಾತಿ ಹೇಳಬೇಕಾದರೆ ಗಂಡಿನ ಬಾಲದ ತುದಿ ಬೇಕು. ಹೆಣ್ಣಿನ ಕುತ್ತಿಗೆ ಹಿಡಿಯಲು ಅಲ್ಲಿ ಇಕ್ಕಳದಂಥ ಕೊಂಡಿ ಇರುತ್ತದೆ. ಒಂದೊಂದು ಜಾತಿಗೆ ಒಂದೊಂದು ಆಕಾರ. 1933ರಲ್ಲಿ ಫ್ರೇಜರ್ ಬರೆದ ಸಂಪುಟದಲ್ಲೂ ಆ ಕೊಂಡಿಗಳ ಚಿತ್ರವೇ ಮುಖ್ಯ. ಅವರು ಸೈನ್ಯದ ಡಾಕ್ಟರು, ಕೆಲಸದ ನಡುವೆ ನಮ್ಮ ದೇಶದ ಡ್ರಾಗನ್‌ಫ್ಲೈ, ಡ್ಯಾಮ್ಸೆಲ್‌ಫ್ಲೈಗಳ ಮೇಲೆ ಮೂರು ಸಂಪುಟ ಬರೆದರು. ಫೋಟೋ ತೆಗೆಯುವಾಗ ಮೂರು ಬೇಕು: ಎದೆ ಪಕ್ಕದಿಂದ, ಬಾಲದ ತುದಿ ಮೇಲಿಂದ, ಬಾಲದ ತುದಿ ಪಕ್ಕದಿಂದ.

ಗುಲ್ಬರ್ಗಾ 585
ಇಷ್ಟೆಲ್ಲ ತಲೆನೋವು ಯಾಕೆ? ಬಲೆ ಹಾಕಿ ಒಂದನ್ನು ಹಿಡಿದು ಡಬ್ಬಿಗೆ ಹಾಕಿ ತನ್ನಿ. ಸೂಕ್ಷ್ಮದರ್ಶಕದ ಕೆಳಗೆ ಐದು ನಿಮಿಷದ ಕೆಲಸ.

ಸೇಡಂ ಹುಡುಗಿ
ದಯವಿಟ್ಟು ಬೇಡ. ಎರಡು ವರ್ಷ ಹುಡುಕಿ ಸಿಕ್ಕ ಒಂದನ್ನೇ ಕೊಂದರೆ ಏನು ಉಳಿಯಿತು?

ಗುಲ್ಬರ್ಗಾ 585
ವಿಜ್ಞಾನ ಹಾಗೆಯೇ ನಡೆದದ್ದು. ಮ್ಯೂಸಿಯಂಗಳಲ್ಲಿ ಇರುವುದೆಲ್ಲ ಹಿಡಿದವೇ ಅಲ್ವಾ?

ಹಳ್ಳದ ಮೇಷ್ಟ್ರು
ಹಿಡಿಯುವವರು ಅನುಮತಿ ಪಡೆದು, ಕಾರಣ ಬರೆದು, ಮಾದರಿಯನ್ನು ಸರಿಯಾದ ಸಂಸ್ಥೆಗೆ ಕೊಡುತ್ತಾರೆ. ಅದಕ್ಕೆ ನನ್ನ ವಿರೋಧ ಇಲ್ಲ. ನಾವು ಹವ್ಯಾಸಿಗಳು. ಚಿಂಚೋಳಿ ಕಾಡು 2011ರಿಂದ ವನ್ಯಜೀವಿ ಧಾಮ, ಸುಮಾರು 134 ಚದರ ಕಿಲೋಮೀಟರ್. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಧಾಮದೊಳಗಿಂದ ಒಂದು ಹುಳವನ್ನೂ ಅನುಮತಿ ಇಲ್ಲದೆ ತರುವ ಹಾಗಿಲ್ಲ. ಒಳಗೆ ಹೋಗುವುದಕ್ಕೂ ಅರಣ್ಯ ಇಲಾಖೆಯನ್ನು ಕೇಳಿಯೇ ಹೋಗಬೇಕು.

ಕರಡದ ಹಾದಿ
ನಾನು ನೋಡಿದ್ದು ಧಾಮದ ಹೊರಗೆ, ಹೊಲಗಳ ಮೇಲಿನ ಗುಡ್ಡದಲ್ಲಿ. ಆದರೂ ಹಿಡಿಯುವುದಿಲ್ಲ. ಮ್ಯಾಕ್ರೋ ಲೆನ್ಸ್ ಎರವಲು ಸಿಕ್ಕಿದೆ. ಈ ಭಾನುವಾರ ಅದೇ ಜಾಗಕ್ಕೆ ಹೋಗುತ್ತೇನೆ.

ಲೆನ್ಸ್ ಹುಚ್ಚ
ಮೊದಲ ಫೋಟೋ ದೂರದಿಂದಲೇ ತೆಗೆಯಿರಿ. ಆಮೇಲೆ ಒಂದೊಂದೇ ಹೆಜ್ಜೆ. ನೇರ ಮುಂದಿನಿಂದ ಹೋಗಬೇಡಿ. ನಿಮ್ಮ ನೆರಳು ಅದರ ಮೇಲೆ ಬಿದ್ದರೆ ಮುಗಿಯಿತು. ಅದು ಕಡ್ಡಿಯ ಹಿಂದಕ್ಕೆ ಸರಿದರೆ ನೀವು ಸರಿಯಬೇಡಿ, ಅಲ್ಲೇ ನಿಲ್ಲಿ, ತಾನೇ ಮುಂದಕ್ಕೆ ಬರುತ್ತದೆ. ಗಾಳಿಗೆ ಕಡ್ಡಿ ಅಲುಗುವುದೇ ದೊಡ್ಡ ಕಷ್ಟ, ಅದಕ್ಕೂ ಬೆಳಗಿನ ಹೊತ್ತೇ ವಾಸಿ.

ಕರಡದ ಹಾದಿ
ಭಾನುವಾರ ಹೋಗಿ ಬಂದೆ. ಬರೆಯಲು ಮನಸ್ಸೇ ಇರಲಿಲ್ಲ, ಅದಕ್ಕೆ ಎರಡು ದಿನ ತಡ.

ಗುಡ್ಡ ಪೂರ್ತಿ ಕಪ್ಪು. ಯಾರೋ ಬೆಂಕಿ ಇಟ್ಟಿದ್ದಾರೆ. ನಾನು ಕೂತಿದ್ದ ಕಲ್ಲು ಮಸಿ ಹಿಡಿದಿದೆ. ಕರಡದ ಬುಡ ಮಾತ್ರ ಉಳಿದಿದೆ, ಕಾಲಿಟ್ಟರೆ ಬೂದಿ ಏಳುತ್ತದೆ. ಸೀತಾಫಲದ ಗಿಡಗಳ ಎಲೆ ಕೂಡ ಸುಟ್ಟಿವೆ. ಬೆಳಿಗ್ಗೆ ಆರಕ್ಕೆ ಹೋದವನು ಹತ್ತರವರೆಗೂ ಸುತ್ತಿದೆ. ಒಂದು ಹುಳವೂ ಎದ್ದು ಹಾರಲಿಲ್ಲ. ಮಿಡತೆ ಕೂಡ ಇಲ್ಲ.

ಮೇಷ್ಟ್ರು ಬರೆದದ್ದೇ ತಲೆಯಲ್ಲಿ ಸುತ್ತುತ್ತಿತ್ತು. ಮಳೆ ಬರುವವರೆಗೆ ಕಾಯುವ ಹುಳ ಇದು. ಅದು ಕಾಯುವ ಜಾಗವನ್ನೇ ನಾವು ಸುಡುತ್ತಿದ್ದೇವೆ.

ಸೇಡಂ ಹುಡುಗಿ
ಅಯ್ಯೋ. ಓದಿ ಸಂಕಟವಾಯಿತು.

ಸುರಂಗ ಬಾವಿ
ಬೀದರ್ ಕಡೆಯೂ ಇದೇ ಕತೆ. ಫೆಬ್ರುವರಿ ಮಾರ್ಚ್‌ನಲ್ಲಿ ಮುತ್ತಲ ಹೂ ಬಿಡುವಾಗ ಗುಡ್ಡ ಗುಡ್ಡ ಉರಿಯುತ್ತವೆ. ಹೊಸ ಚಿಗುರು ಬರಲಿ ಅಂತ ಕುರಿ ಕಾಯುವವರು, ರೈತರು ಹಚ್ಚುತ್ತಾರೆ.

ತೊಗರಿ ಹೊಲ
ಎಲ್ಲಾ ರೈತರ ಮೇಲೆ ಹಾಕಬೇಡಿ. ನಾನೂ ರೈತ, ಚಿಂಚೋಳಿ ತಾಲೂಕಿನವನೇ. ಕರಡ ಸುಟ್ಟರೆ ನನ್ನ ಎಮ್ಮೆ ಏನು ತಿನ್ನಬೇಕು? ನಾವು ದೀಪಾವಳಿ ನಂತರ ಕೊಯ್ದು ಬಣವೆ ಒಟ್ಟುತ್ತೇವೆ. ಬೀಡಿ ಸೇದಿ ಎಸೆದು ಹೋಗುವ ದಾರಿಹೋಕರಿಂದಲೂ ಬೆಂಕಿ ಬೀಳುತ್ತದೆ. ಹೋದ ವರ್ಷ ಅಂಥದ್ದೇ ಬೆಂಕಿಯಲ್ಲಿ ನನ್ನ ಅರ್ಧ ಬಣವೆ ಹೋಯಿತು, ಯಾರನ್ನು ಕೇಳಲಿ?

ಸುರಂಗ ಬಾವಿ
ತಪ್ಪಾಯಿತು. ಹಾಗೆ ಒಟ್ಟಿಗೆ ಹೇಳಬಾರದಿತ್ತು.

ತೊಗರಿ ಹೊಲ
ಪರವಾಗಿಲ್ಲ. ಒಂದು ಮಾತು. ನಮ್ಮ ಹೊಲದ ಮೇಲುಗಡೆ ಒಡ್ಡಿದೆ. ಅದರ ಮೇಲಿನ ಕರಡ ಕೊಯ್ಯಲು ಆಗುವುದಿಲ್ಲ, ಕಲ್ಲು ಜಾಸ್ತಿ, ಕಾರೆ ಮುಳ್ಳು ಬೇರೆ. ಹಾಗೇ ಬಿಟ್ಟಿದ್ದೇವೆ. ಒಡ್ಡಿನ ಆಚೆ ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗು ಇದೆ, ಜೇಕು ಹುಲ್ಲು ಬೆಳೆಯುತ್ತದೆ. ಮೇಷ್ಟ್ರು ಹೇಳಿದ ಲಕ್ಷಣ ಓದಿದಾಗ ನನಗೆ ಅದೇ ಕಣ್ಣಿಗೆ ಬಂತು. ಬಂದು ನೋಡುವುದಾದರೆ ನೋಡಿ.

ಹಳ್ಳದ ಮೇಷ್ಟ್ರು
ಇದಕ್ಕಿಂತ ಒಳ್ಳೆ ಸುದ್ದಿ ಇಲ್ಲ. ಒಂದು ಪ್ರಶ್ನೆ. ತೊಗರಿಗೆ ಕಾಯಿಕೊರಕದ ಔಷಧಿ ಹೊಡೆಯುತ್ತೀರಲ್ಲ, ಆ ನೀರು ತಗ್ಗಿಗೆ ಇಳಿಯುತ್ತದಾ?

ತೊಗರಿ ಹೊಲ
ತಗ್ಗು ಒಡ್ಡಿನ ಆಚೆ, ಮೇಲುಗಡೆಯ ಗುಡ್ಡದ ನೀರು ಅಲ್ಲಿ ನಿಲ್ಲುತ್ತದೆ. ಹೊಲದ ನೀರು ಕೆಳಗೆ ಹಳ್ಳಕ್ಕೆ ಹೋಗುತ್ತದೆ.

ಕರಡದ ಹಾದಿ
ಅಣ್ಣ, ನಂಬರ್ ಖಾಸಗಿಯಾಗಿ ಕಳಿಸಿ. ಬರುವ ಶನಿವಾರ ರಾತ್ರಿಯೇ ಬಂದು ಉಳಿಯುತ್ತೇನೆ.

ಕರಡದ ಹಾದಿ
ಮೇ ಮೂರನೇ ವಾರ. ಸಿಕ್ಕಿತು!

ಒಡ್ಡು ಅಷ್ಟೇನೂ ಉದ್ದ ಇಲ್ಲ. ಆರೂವರೆಗೆ ಶುರು ಮಾಡಿದೆವು. ಅಣ್ಣ ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ. ಒಂದು ತಾಸು ಏನೂ ಇಲ್ಲ. ಏಳೂವರೆ ಹೊತ್ತಿಗೆ ಅಣ್ಣ ಕೈ ಎತ್ತಿದರು, ಬಾಯಿ ಬಿಡಲಿಲ್ಲ. ನಾನು ಹೋಗಿ ನೋಡುತ್ತೇನೆ, ನನಗೇ ಕಾಣುತ್ತಿಲ್ಲ. ಅವರು ಬೆರಳು ತೋರಿಸಿದ ಕಡ್ಡಿಯನ್ನೇ ನೋಡುತ್ತಿದ್ದೇನೆ, ಕಡ್ಡಿಯ ಮೇಲೆ ಇನ್ನೊಂದು ಕಡ್ಡಿ ಇದ್ದ ಹಾಗೆ. ಮೈ ಓರೆಯಾಗಿ ಇಳಿಬಿಟ್ಟು, ರೆಕ್ಕೆ ಅರ್ಧ ಬಿಚ್ಚಿ ಕೂತಿತ್ತು. ಹುಟ್ಟಿದಾಗಿನಿಂದ ಕರಡ ಕೊಯ್ದ ಕಣ್ಣು ಅದು, ಹುಲ್ಲಲ್ಲದ್ದು ಯಾವುದು ಅಂತ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಒಟ್ಟು ಐದು ಕಂಡೆವು. ಮೂರಕ್ಕೆ ಬಾಲದ ತುದಿಯ ಫೋಟೋ ಸಿಕ್ಕಿದೆ. ಹಾಕಿದ್ದೇನೆ, ನೋಡಿ ಹೇಳಿ.

ಲೆನ್ಸ್ ಹುಚ್ಚ
ಎರಡನೇ ಫೋಟೋ ಅದ್ಭುತ. ಕಣ್ಣಿನ ಚುಕ್ಕೆ ಚುಕ್ಕೆ ಕಾಣುತ್ತಿದೆ.

ಬೋನಾಳ ದಂಡೆ
ಮೊದಲ ಎರಡು ನಾನು ಹೇಳಿದ ಹಾಗೆ ಬ್ರೌನ್ ಸ್ಪ್ರೆಡ್‌ವಿಂಗ್. ಎದೆಯ ಮೇಲೆ ಹಸಿರಿಲ್ಲ. ಮೂರನೆಯದು ಬೇರೆ! ಗೆರೆ ಇದೆ! ನಾನು ಸೋತೆ, ಸಂತೋಷದಿಂದ ಸೋತೆ.

ಹಳ್ಳದ ಮೇಷ್ಟ್ರು
ಮೂರನೆಯದನ್ನು ಎರಡು ದಿನ ನೋಡಿದೆ. ಸಣ್ಣ ಹಸಿರು ಗೆರೆ ಸ್ಪಷ್ಟ ಇದೆ. ಪಕ್ಕದಿಂದ ತೆಗೆದ ಕೊಂಡಿಯೂ ವಿರಿಡ್ಯುಲಸ್‌ಗೆ ಹೊಂದುತ್ತದೆ. ಮೇಲಿಂದ ತೆಗೆದದ್ದರಲ್ಲಿ ಮಾತ್ರ ಒಳಗಿನ ಕೊಂಡಿ ಹುಲ್ಲಿಗೆ ಮರೆಯಾಗಿದೆ. ನನಗೆ ನಂಬಿಕೆ ಇದೆ. ಆದರೂ ಇನ್ನೊಂದು ಫೋಟೋ ಇಲ್ಲದೆ ಖಚಿತ ಅಂತ ಬರೆಯಲಾರೆ. ಮಳೆ ಬಿದ್ದ ಮೇಲೆ ತಗ್ಗಿಗೆ ಬರುತ್ತದೆ, ಆಗ ಬಣ್ಣವೂ ಏರಿರುತ್ತದೆ.

ಗುಲ್ಬರ್ಗಾ 585
ಅಭಿನಂದನೆ. ಬಲೆ ಇಲ್ಲದೆಯೂ ಆಯಿತು, ನನ್ನ ಮಾತು ವಾಪಸ್ ತೆಗೆದುಕೊಂಡೆ. ಜಾಗದ ಮ್ಯಾಪ್ ಲಿಂಕ್ ಹಾಕಿ, ನಾವೂ ಹೋಗುತ್ತೇವೆ.

ಸೇಡಂ ಹುಡುಗಿ
ಮ್ಯಾಪ್ ಬೇಡ. ಒಂದು ಒಡ್ಡು, ಐದು ಹುಳ. ಹದಿನೈದು ಜನ ಒಂದೇ ವಾರ ಬಂದು ಕರಡ ತುಳಿದರೆ ಬೆಂಕಿಯೇ ಬೇಕಿಲ್ಲ.

ಬೋನಾಳ ದಂಡೆ
ಆದರೆ ಮುಚ್ಚಿಟ್ಟರೆ ದಾಖಲೆ ಆಗುವುದು ಹೇಗೆ? ನಾಳೆ ಯಾರೋ ಗುಡ್ಡಕ್ಕೆ ಜೆಸಿಬಿ ತಂದರೆ ಇಲ್ಲಿ ಇಂಥ ಹುಳ ಇತ್ತು ಅನ್ನಲು ಏನು ಆಧಾರ? ಕಂಡ ಜೀವಿಗಳ ಫೋಟೋ ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಜಾಗ ಮಸುಕು ಮಾಡುವ ಅವಕಾಶ ಇದೆ. ಸುತ್ತಲಿನ ಪ್ರದೇಶ ಕಾಣುತ್ತದೆ, ನಿಖರ ಬಿಂದು ಕಾಣುವುದಿಲ್ಲ. ಹಾಗೆ ಹಾಕಿ.

ಕರಡದ ಹಾದಿ
ಹಾಗೇ ಮಾಡಿದೆ. ಹೊಲದ ಮಾಲೀಕರನ್ನು ಕೇಳಿಯೇ ಹಾಕಿದ್ದು.

ಮಿರಗದ ಮಳೆ
ಮಿರಗ ಹಿಡಿಯಿತು ನೋಡಿ! ನಮ್ಮಲ್ಲಿ ರಾತ್ರಿ ಪೂರ್ತಿ ಹೊಡೆದಿದೆ. ತಗ್ಗು ತುಂಬಿತಾ?

ತೊಗರಿ ಹೊಲ
ತುಂಬಿದೆ. ಮೊಣಕಾಲು ನೀರು. ಬಿತ್ತನೆ ಕೆಲಸ ಇದೆ, ಆದರೂ ದಿನಾ ಬೆಳಿಗ್ಗೆ ಒಂದು ಸುತ್ತು ಹೋಗಿ ಬರುತ್ತಿದ್ದೇನೆ. ಜೇಕು ಇನ್ನೂ ಚಿಗುರಬೇಕು.

ತೊಗರಿ ಹೊಲ
ಎರಡು ವಾರ ಕಳೆದಿದೆ. ಇವತ್ತು ಬೆಳಿಗ್ಗೆ ಜೇಕಿನ ಮೇಲೆ ಜೋಡಿ ಕೂತಿತ್ತು. ಮುಂದಿನದು ಹಿಂದಿನದರ ಕುತ್ತಿಗೆಯನ್ನು ಬಾಲದಿಂದ ಹಿಡಿದಿದೆ. ಹಿಂದಿನದು ಬಾಲ ಬಗ್ಗಿಸಿ ಕಾಂಡಕ್ಕೆ ಚುಚ್ಚುತ್ತಿತ್ತು. ಹೊಲಿಗೆ ಹಾಕಿದ ಹಾಗೆ ಸಾಲಾಗಿ ಗುರುತು ಬಿದ್ದಿವೆ. ಫೋನಲ್ಲಿ ತೆಗೆದದ್ದು ಹಾಕಿದ್ದೇನೆ. ಗಂಡಿನ ಎದೆಯ ಗೆರೆ ಈಗ ಬರಿಗಣ್ಣಿಗೇ ಕಾಣುತ್ತದೆ.

ಹಳ್ಳದ ಮೇಷ್ಟ್ರು
ಮೊಟ್ಟೆ ಇಡುತ್ತಿದೆ! ಕಾಂಡದ ಒಳಗೆ ಒಂದೊಂದಾಗಿ ಇಡುತ್ತದೆ. ಆ ಜೇಕು ಎಮ್ಮೆಗೆ ಕೊಯ್ಯಬೇಡಿ, ಇಷ್ಟೇ ನನ್ನ ಬೇಡಿಕೆ. ಫೋಟೋದಲ್ಲಿ ಕೊಂಡಿ ಹೆಣ್ಣಿನ ಕುತ್ತಿಗೆಗೆ ಮರೆಯಾಗಿದೆ, ಪರವಾಗಿಲ್ಲ. ಕರಡದ ಹಾದಿ ಹೋದಾಗ ಒಂಟಿ ಗಂಡನ್ನು ಮೇಲಿಂದ ತೆಗೆಯಲಿ.

ಕರಡದ ಹಾದಿ
ನಾಳೆ ಬೆಳಗಿನ ಮೊದಲ ಬಸ್ಸಿಗೇ ಹೊರಡುತ್ತೇನೆ. ಅಣ್ಣ, ಇನ್ನೊಂದು ಕೇಳಬೇಕಿತ್ತು. ಒಡ್ಡಿನ ಕರಡ ಹೇಗೂ ಕೊಯ್ಯುವುದಿಲ್ಲ ಅಂದಿರಿ. ಅದಕ್ಕೆ ಸೇರಿದ ಹಾಗೆ ಕೆಳಗೆ ಒಂದು ಪಟ್ಟಿ ಬಿಟ್ಟರೆ ಮರಿಗಳು ರೆಕ್ಕೆ ಬಂದ ಮೇಲೆ ಅಲ್ಲೇ ಉಳಿಯುತ್ತವೆ. ಅಷ್ಟು ಮೇವಿನ ದುಡ್ಡು ನಾವೆಲ್ಲ ಸೇರಿ ಕೊಡುತ್ತೇವೆ.

ತೊಗರಿ ಹೊಲ
ದುಡ್ಡು ಬೇಡ. ಬೇಸಿಗೆಗೆ ಮುಂಚೆ ಗುಡ್ಡದ ಕಡೆಗೆ ಬೆಂಕಿ ದಾಟದ ಹಾಗೆ ಹುಲ್ಲು ಕೆತ್ತಿ ದಾರಿ ಬಿಡಿಸಬೇಕು. ಅದಕ್ಕೆ ನಾಲ್ಕು ಜನ ಬಂದು ಕೈ ಹಚ್ಚಿದರೆ ಸಾಕು. ಕರಡ ಕೊಯ್ಯುವುದು ದೀಪಾವಳಿ ನಂತರ. ಅಷ್ಟರೊಳಗೆ ಬಂದು ಎಲ್ಲಿಂದ ಎಲ್ಲಿಯವರೆಗೆ ಬಿಡಬೇಕು ಅಂತ ಗೂಟ ಹೊಡೆದು ತೋರಿಸಿ.